ಪಾರ್ಕಿನ್ಸನ್ ಸ್ಮರಣಾರ್ಥ ಸೈಕಲ್ ಶರ್ಯತ್ತು

ಹೊಸ್ತಿಲ ಹತ್ತಿರ ಬಂದದ್ದೇ ತಡ, ಉದ್ದಪ್ಪನ ಕಾಲು ನಿಂತುಬಿಟ್ಟವು. ಮೈ ಮುಂದಕ್ಕೆ ವಾಲಿತ್ತು, ಮನಸ್ಸು ಆಗಲೇ ಹೊರಗಿನ ಕಟ್ಟೆ ಸೇರಿತ್ತು, ಪಾದಗಳು ಮಾತ್ರ ನೆಲ ಬಿಟ್ಟು ಏಳಲೊಲ್ಲವು. ಕಟ್ಟೆಯ ಮೇಲೆ ಶರ್ಯತ್ತು ಕಮಿಟಿಯ ಅಧ್ಯಕ್ಷ ಶಿದ್ಲಿಂಗಪ್ಪ ಸಾವಕಾರರು, ಮೈಕಿನಲ್ಲಿ ಕೂಗುವ ಲಖನನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಾಯುತ್ತಿದ್ದರು. ಒಲೆಯ ಮುಂದಿದ್ದ ಉದ್ದವ್ವ ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಗಂಡನ ಪಾದದ ಮುಂದೆ ತನ್ನ ಕಾಲು ಅಡ್ಡ ಇಟ್ಟಳು.

"ಹೂಂ, ದಾಟ್ರಿ."

ಉದ್ದಪ್ಪ ಅವಳ ಕಾಲನ್ನು ನೋಡಿದ, ತನ್ನ ಕಾಲೆತ್ತಿ ದಾಟಿದ, ಅದರ ಜೊತೆಗೇ ಹೊಸ್ತಿಲನ್ನೂ ದಾಟಿದ. ಈ ಉಪಾಯ ಹೇಳಿಕೊಟ್ಟವಳು ಮಗಳು ಪೂನಮ್. ಬರಿ ನೆಲದ ಮೇಲೆ ಹೂತುಹೋಗುವ ಕಾಲು, ಎದುರಿಗೆ ದಾಟುವಂಥದ್ದು ಏನಾದರೂ ಕಂಡರೆ ಏಳುತ್ತವಂತೆ. ಮನುಷ್ಯರನ್ನು ದಾಟಬಾರದು, ದಾಟಿಸಿಕೊಂಡವರು ಬೆಳೆಯುವುದಿಲ್ಲ ಎಂದು ಮಕ್ಕಳಿಗೆ ಬೈದು ಬೆಳೆಸಿದ ಉದ್ದವ್ವನಿಗೆ ಮೊದಮೊದಲು ಇದು ಎದೆ ನಡುಗಿಸಿತ್ತು. ಈಗ ರೂಢಿಯಾಗಿತ್ತು. "ನೀವು ದಾಟಿ ದಾಟಿ ನಾ ಗಿಡ್ಡ ಆಗಾಕತ್ತೇನಿ" ಎಂದು ದಿನಕ್ಕೊಮ್ಮೆಯಾದರೂ ಗೊಣಗದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಶಿದ್ಲಿಂಗಪ್ಪ ಗೋಕಾಕದಿಂದ ಆಗತಾನೆ ಬಂದ ಹ್ಯಾಂಡ್‌ಬಿಲ್ಲಿನ ಕಟ್ಟು ಬಿಚ್ಚಿ ಒಂದನ್ನು ಲಖನನ ಕೈಗೆ ಕೊಟ್ಟರು. ಲಖನ ಗಂಟಲು ಸರಿಮಾಡಿಕೊಂಡು, ಮೈಕು ಇಲ್ಲದಿದ್ದರೂ ಮೈಕಿನ ದನಿಯಲ್ಲೇ ಓದಿದ. "ಕೈಲಾಸವಾಸಿ ಪಾರ್ಕಿನ್ಸನ್ ಸಾಹೇಬರ ಸ್ಮರಣಾರ್ಥ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಭವ್ಯ ಸೈಕಲ್ ಶರ್ಯತ್ತು! ಸ್ಥಳ, ಅರಭಾವಿ..."

"ಏನಂದಿ?" ಎಂದರು ಸಾವಕಾರರು.

ತಪ್ಪು ಪ್ರೆಸ್ಸಿನವನದೇ. ಆದರೆ ಅವನನ್ನು ಅನ್ನುವ ಹಾಗೂ ಇರಲಿಲ್ಲ. ಈ ಸೀಮೆಯಲ್ಲಿ ಸೈಕಲ್ಲಿನ ಶರ್ಯತ್ತಿರಲಿ, ಎತ್ತಿನ ಗಾಡಿಯದಿರಲಿ, ಟ್ರ್ಯಾಕ್ಟರ್ ಹಿಂದಕ್ಕೆ ಹೊಡೆಯುವುದೇ ಇರಲಿ, ಸತ್ತವರೊಬ್ಬರ ಸ್ಮರಣಾರ್ಥ ಇಲ್ಲದೆ ಹ್ಯಾಂಡ್‌ಬಿಲ್ಲು ಅಚ್ಚಾಗುವುದೇ ಇಲ್ಲ. 'ಪಾರ್ಕಿನ್ಸನ್ ರೋಗದ ಅಧ್ಯಯನದ ಸಹಾಯಾರ್ಥ' ಎಂದು ಕಮಿಟಿಯವರು ಬರೆದುಕೊಟ್ಟಿದ್ದರು. ಅವನು ಕಂಡದ್ದು ಮೇಲಿನ ಹೆಸರೊಂದನ್ನೇ. ಯಾರೋ ದೊಡ್ಡ ಮನುಷ್ಯ ತೀರಿಕೊಂಡಿರಬೇಕೆಂದು ಮರ್ಯಾದೆಯಿಂದ ಕೈಲಾಸಕ್ಕೂ ಕಳಿಸಿ, ಸಾಹೇಬರೆಂದೂ ಸೇರಿಸಿದ್ದ.

ಸಾವಕಾರರು ತಲೆ ತಲೆ ಚಚ್ಚಿಕೊಂಡರು. ಆಗ ಉದ್ದಪ್ಪ ಬಾಯಿ ತೆರೆದ. ರೋಗ ಅವನ ದನಿಯನ್ನು ಎಷ್ಟು ಸಣ್ಣದು ಮಾಡಿತ್ತೆಂದರೆ ಎಲ್ಲರೂ ಬಗ್ಗಿ ಕೇಳಬೇಕಾಯಿತು.

"ಇರ್ಲಿ ಬಿಡ್ರಿ ಸಾವ್ಕಾರ್ರ. ಆ ಪಾರ್ಕಿನ್ಸನ್ ಸಾಯೂದು ನಮಗೂ ಬೇಕಾಗೈತಿ. ಪ್ರೆಸ್ಸಿನಾಂವ ಸ್ವಲ್ಪ ಲಗೂನ ಮುಗಿಸ್ಯಾನ."

ಲಖನ ಹೊಟ್ಟೆ ಹಿಡಿದುಕೊಂಡು ನಕ್ಕ. ಉದ್ದಪ್ಪನ ಮುಖ ಮಾತ್ರ ಕಲ್ಲಿನ ಹಾಗೇ ಇತ್ತು. ನಗುವ ಕೆಲಸವನ್ನು ಆ ಮುಖ ಬಿಟ್ಟು ಎರಡು ವರ್ಷವಾಗಿತ್ತು. ಅವನು ಒಳಗೆ ನಗುತ್ತಿದ್ದಾನೋ ಇಲ್ಲವೋ ತಿಳಿಯಬೇಕಾದರೆ ಕಣ್ಣಿನ ಮೂಲೆ ನೋಡಬೇಕು. ಅದನ್ನು ನೋಡಲು ಬರುತ್ತಿದ್ದದ್ದು ಉದ್ದವ್ವನೊಬ್ಬಳಿಗೆ. ಈಗ ನೋಡಿದಳು. ಅಲ್ಲಿ ನಗುವಿತ್ತು.

ಆದರೆ ಸಾವಕಾರರು ಬಂದದ್ದು ಹ್ಯಾಂಡ್‌ಬಿಲ್ಲು ತೋರಿಸಲಿಕ್ಕಲ್ಲ. "ಉದ್ದಪ್ಪಾ, ಅವತ್ತ ಸ್ಟೇಜಿನ ಮ್ಯಾಲ ನಿನ್ನ ಒಂದ ಕುರ್ಚಿ ಹಾಕಿ ಕುಂಡ್ರಸ್ತೀವಿ. ನಿನ್ನ ಹಳೇ ಸೈಕಲ್ಲೂ ಬಾಜೂಕ ಇಟ್ಟು ಮಾಲಿ ಹಾಕೂಣು. ನೀ ಏನೂ ಮಾತಾಡಬ್ಯಾಡ. ಸುಮ್ನ ಕುಂಡ್ರು. ಕೈ ನಡಗೂದು ಮಂದಿ ನೋಡ್ಲಿ. ಕನಿಕರ ಬಂದ್ರ ಡಬ್ಬಿ ತುಂಬತೈತಿ."

ಉದ್ದಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. ಹಿಡಿದರೂ ಅದು ನಡುಗುತ್ತಲೇ ಇತ್ತು. ಈ ಸಲ ಉದ್ದವ್ವ ಅವನ ಕಣ್ಣಿನ ಮೂಲೆ ನೋಡಲಿಲ್ಲ. ರೊಟ್ಟಿ ಸೀಯುವ ವಾಸನೆ ಬಂದು ಒಳಗೆ ಹೋದಳು.

ಈ ಎಲ್ಲ ಪಡಿಪಾಟಲು ಒಂದು ವ್ಯಾನಿಗಾಗಿ. ಬೆಳಗಾವಿಯ ಡಾಕ್ಟರುಗಳು ತಿಂಗಳಿಗೊಮ್ಮೆ ವ್ಯಾನು ಕಟ್ಟಿಕೊಂಡು ಘಟಪ್ರಭಾಕ್ಕೆ ಬರುತ್ತಿದ್ದರು. ಈ ಮೂರು ತಾಲೂಕುಗಳಲ್ಲಿ ಯಾರ್‍ಯಾರಿಗೆ ಈ ರೋಗ ಇದೆ, ಯಾವ ವಯಸ್ಸಿಗೆ ಹತ್ತಿತು, ಏನು ಕೆಲಸ ಮಾಡಿದವರು, ಯಾವ ನೀರು ಕುಡಿದವರು, ಹೇಗೆ ನಡೆಯುತ್ತಾರೆ ಎಂದು ಅಳೆದು ನೋಡುವ ಅಧ್ಯಯನ ಅದು, ಇಲ್ಲಿಯವರ ಬಾಯಲ್ಲಿ ಅಭ್ಯಾಸ. ಪೂನಮ್ ಅದರಲ್ಲೇ ರೋಗಿಗಳನ್ನು ನಡೆಸುವ, ಕೂಡಿಸಿ ಏಳಿಸುವ ಕೆಲಸಕ್ಕಿದ್ದಳು. ವ್ಯಾನು ಬರುವ ತನಕ ಇದಕ್ಕೊಂದು ಹೆಸರಿದೆ ಎಂದೇ ಬಹಳ ಮಂದಿಗೆ ಗೊತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದರು, ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಂಡಿದ್ದರು. ಉದ್ದಪ್ಪ ಇಡೀ ಆಯುಷ್ಯ ಸಾವಕಾರರ ಹೊಲದಲ್ಲಿ ಪಂಪು ಬೆನ್ನಿಗೆ ಹೊತ್ತು ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆದವನು. ಅದರಿಂದಲೇ ಬಂತೇ ಎಂದು ಕೇಳಿದಾಗ ಡಾಕ್ಟರರು, "ಇನ್ನೂ ಗೊತ್ತಿಲ್ಲ, ಅದನ್ನ ನೋಡಾಕ ಬಂದೇವಿ" ಅಂದಿದ್ದರು. ಸುಳ್ಳು ಹೇಳದ ಆ ಮಾತು ಉದ್ದಪ್ಪನಿಗೆ ಹಿಡಿಸಿತ್ತು. ಈಗ ಮೊದಲ ವರ್ಷದ ಹಣ ಮುಗಿದಿತ್ತು. ಅರ್ಧ ಖರ್ಚನ್ನು ಇಲ್ಲಿಯ ಜನ ಕೂಡಿಸಿದರೆ ಉಳಿದರ್ಧ ನಾವು ಹಾಕುತ್ತೇವೆ ಎಂದು ವ್ಯಾನು ಕಳಿಸುವ ಸಂಸ್ಥೆಯವರು ಹೇಳಿದ್ದರು. ಕೂಡದಿದ್ದರೆ ವ್ಯಾನು ನಿಲ್ಲುತ್ತದೆ, ವರ್ಷವಿಡೀ ಅಳೆದದ್ದೆಲ್ಲ ಅರ್ಧಕ್ಕೇ ಬೀಳುತ್ತದೆ.

ಚಂದಾ ಎತ್ತಲು ತಾಯಿ ಮಗಳು ಇಬ್ಬರೂ ಓಣಿ ಓಣಿ ತಿರುಗಿದ್ದರು. ಎಲ್ಲ ಕಡೆಯೂ ಅದೇ ಮಾತು. ಹಿಟ್ಟಿನ ಗಿರಣಿಯ ರಾಯವ್ವ ಮುಖಕ್ಕೆ ಹೊಡೆದ ಹಾಗೆ ಕೇಳಿಯೇಬಿಟ್ಟಿದ್ದಳು. "ಇದರಿಂದ ಉದ್ದಪ್ಪಣ್ಣಗ ಆರಾಮ ಆಕ್ಕೈತೇನಬೇ?"

"ಇಲ್ಲ" ಎಂದಿದ್ದಳು ಉದ್ದವ್ವ.

"ಮುಂದ ಬರೂವ್ರಿಗಿ ಉಪಯೋಗ ಆಕ್ಕೈತಿ ಅತ್ತೀ" ಎಂದಿದ್ದಳು ಪೂನಮ್.

"ಹಂಗಾರ ಮುಂದ ಬರೂವ್ರು ಮುಂದ ಕೊಡ್ತಾರ ಬಿಡವಾ."

ಕೇಳಲಿಕ್ಕೆ ಸರಿಯಾಗಿಯೇ ಇದ್ದ ಈ ಮಾತನ್ನೇ ಹೊತ್ತು ತಾಯಿ ಮಗಳು ಬರಿಗೈಯಲ್ಲಿ ಮರಳಿದ್ದರು. ಅದಕ್ಕೇ ಶರ್ಯತ್ತು, ಅದಕ್ಕೇ ಈಗ ಕುರ್ಚಿ. ಸಾವಕಾರರು ಬಂದುಹೋದ ಆ ಸಂಜೆ ಉದ್ದಪ್ಪ, "ಕುಂಡ್ರತೀನಂತ ಹೇಳಿಬಿಡು ಅವರಿಗಿ. ವ್ಯಾನ್ ನಿಂದ್ರಬಾರದು" ಎಂದಾಗ ಅವಳು ಸಿಟ್ಟಿನಿಂದ ಗೋಡೆಯ ಕಡೆ ತಿರುಗಿದಳು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳ ಕೆಳಗೆ ಬಹುಮಾನದ ಒಂದು ಹಿತ್ತಾಳೆ ಢಾಲು ಇತ್ತು. ಘಟಪ್ರಭಾದಿಂದ ಹೊರಟು ಹುಕ್ಕೇರಿ ದಾಟಿ ಯಮಕನಮರಡಿ ಮುಟ್ಟುವ ದೊಡ್ಡ ಶರ್ಯತ್ತಿನಲ್ಲಿ ಉದ್ದಪ್ಪ ಹರೆಯದಲ್ಲಿ ಗೆದ್ದದ್ದು. ಎರಡನೆಯವರಾಗಿ ಬಂದವರು ಇದೇ ಶಿದ್ಲಿಂಗಪ್ಪ. ತಮ್ಮ ಹೊಲದ ಆಳು ತಮ್ಮನ್ನು ಹಿಂದೆ ಹಾಕಿದ್ದನ್ನು ಅವರು ಅಂದಿನಿಂದ ಇಂದಿನವರೆಗೂ ಒಪ್ಪಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ "ಅವತ್ತ ನಂದು ಚೈನ್ ಬಿತ್ತೋ ಮಾರಾಯಾ" ಎನ್ನುತ್ತಿದ್ದರು. ಹಾಗೆಂದು ಕೆಟ್ಟವರಲ್ಲ. ದವಾಖಾನೆಗೆ ತಮ್ಮ ಗಾಡಿ ಕೊಟ್ಟು ಕಳಿಸಿದವರು ಅವರೇ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಉದ್ದವ್ವ ಆಗಲೇ ಕಟ್ಟೆಯ ಮೇಲೇ ನಾಲ್ಕು ಮಾತು ಬಿಗಿದು ಕಳಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಸ್ಟೇಜಿನ ಮೇಲಿಡಲು ಹಿತ್ತಲ ಗುಡಿಸಲಿನಿಂದ ಸೈಕಲ್ಲು ಹೊರಗೆಳೆದಳು. ಕ್ಯಾರಿಯರ್ ಮೇಲೆ ಕೋಳಿ ಕಾವು ಕೂತಿತ್ತು. ಅದಕ್ಕೂ ಬೈದು, ಸೈಕಲ್ಲಿಗೂ ಬೈದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಿ ತಂದಳು. ಉದ್ದಪ್ಪ ಕಟ್ಟೆಯ ಅಂಚಿನಲ್ಲಿ ನಿಂತಿದ್ದ. "ತಾ, ನಾ ಹಿಡ್ಕೊಂಡಿರ್ತೀನಿ" ಎಂದ. ಅವನ ಕೈಗೆ ಹ್ಯಾಂಡಲ್ ಕೊಟ್ಟು ಅವಳು ಒರೆಸಲು ಅರಿವೆ ತರಲು ಒಳಗೆ ಹೋದಳು. ಅರಿವೆ ಸಿಗುವಷ್ಟರಲ್ಲಿ ಹೊರಗೆ ಟ್ರಿಣ್ ಎಂದು ಗಂಟೆ ಕೇಳಿಸಿತು.

ಬಂದು ನೋಡಿದರೆ ಅಂಗಳ ಖಾಲಿ.

ಉದ್ದಪ್ಪ ರಸ್ತೆಯ ಮೇಲಿದ್ದ. ಕಟ್ಟೆಯ ಎತ್ತರದಿಂದಲೇ ಕಾಲು ಆಚೆ ಹಾಕಿ ಕೂತು ಹೊರಟುಬಿಟ್ಟಿದ್ದ. ಹೊಸ್ತಿಲು ದಾಟಲಾರದ ಆ ಕಾಲು ಒಂದಾದ ಮೇಲೊಂದು ಪೆಡಲ್ ತುಳಿಯುತ್ತಿದ್ದವು, ತಡವರಿಸದೆ, ನಿಲ್ಲದೆ, ಸರಾಗವಾಗಿ. ಬೆನ್ನು ನೆಟ್ಟಗಾಗಿತ್ತು. ಉದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. "ನಿಂದರ್‍ರಿ! ಬೀಳ್ತೀರಿ! ನಿಂದರ್‍ರಿ ಅಂದ್ರ!" ಕಾಲುವೆಯ ಹತ್ತಿರ ಕಡಿದ ಕಬ್ಬಿನ ಒಣ ಎಲೆಯ ರವದಿ ಒಟ್ಟಿದ್ದರು. ಉದ್ದಪ್ಪ ಸೀದಾ ಹೋಗಿ ಅದರೊಳಗೆ ನುಗ್ಗಿದ. ಅವಳು ಏದುಸಿರು ಬಿಡುತ್ತ ತಲುಪಿದಾಗ ಅವನು ಮೆತ್ತಗೆ ರವದಿಯಲ್ಲಿ ಮಲಗಿ ಆಕಾಶ ನೋಡುತ್ತಿದ್ದ.

"ಹೊಡಿಯಾಕ ಬರತೈತಿ" ಎಂದ. "ನಿಂದ್ರಸಾಕ ಬರವಲ್ದು."

ಉದ್ದವ್ವ ಅವನ ತಲೆಯಿಂದ ರವದಿ ಕೀಳುತ್ತ ಬೈಯಬೇಕೆಂದುಕೊಂಡಳು. ಬೈಗುಳದ ಬದಲು ಅಳು ಬಂತು. ಅಳುತ್ತಲೇ ಅವನ ಕಣ್ಣಿನ ಮೂಲೆ ನೋಡಿದಳು. ಅಷ್ಟು ಸಂತೋಷ ಅಲ್ಲಿ ಕಂಡು ಎಷ್ಟೋ ದಿನವಾಗಿತ್ತು.

ಪೂನಮ್ ಸಂಜೆ ಬಂದವಳೇ ಕೇಳಿ ಕುಣಿದಾಡಿದಳು. "ಯವ್ವಾ, ಇದು ಡಾಕ್ಟರ್‍ಗೂ ಗೊತ್ತೈತಿ. ನಡಿಯಾಕ ಬರದ ಕೆಲವರಿಗಿ ಸೈಕಲ್ ಹೊಡಿಯಾಕ ಬರತೈತಿ. ಯಾಕ ಅಂತ ಪೂರಾ ಇನ್ನೂ ಯಾರಿಗೂ ತಿಳದಿಲ್ಲ. ಇಂಥಾದ್ನ ತಿಳ್ಕೊಳ್ಳಾಕ ಅಲ್ಲನ ಈ ಅಭ್ಯಾಸ?"

"ನಿನ್ನ ಅಭ್ಯಾಸ ಸುಡ್ಲಿ. ಬಿದ್ದು ಎಲುಬು ಮುರದ್ರ?" ಎಂದಳು ಉದ್ದವ್ವ.

ಉದ್ದಪ್ಪ ಗುಳಿಗೆ ನುಂಗಿ ನೀರು ಕುಡಿದ. ಸಾವಕಾಶ ಹೇಳಿದ. "ನಡಗೂದ ನೋಡಾಕ ಮಂದಿ ಬರ್ತಾರಂದ್ರ, ಕುರ್ಚಿ ಮ್ಯಾಲ ಯಾಕ ನೋಡಬೇಕು? ಸೈಕಲ್ ಮ್ಯಾಲ ನೋಡ್ಲಿ."

ಆ ಮಾತಿನ ಮೇಲೆ ಉದ್ದವ್ವ ಸೋತಳು. ಸೋತವಳೇ ಎಲ್ಲ ಹೊಣೆಯನ್ನೂ ತಾನೇ ಹೊತ್ತಳು. ಎರಡು ವಾರ, ಬೆಳಕು ಹರಿಯುವ ಹೊತ್ತಿಗೆ, ಕಾಲುವೆಯ ರಸ್ತೆಯಲ್ಲಿ ತಾಲೀಮು ನಡೆಯಿತು. ಗುಳಿಗೆ ಕೊಟ್ಟು, ಅದು ಮೈಗೆ ಹತ್ತುವ ತನಕ ಕಾದು, ಕಲ್ಲಿನ ಮೇಲೆ ನಿಲ್ಲಿಸಿ ಹತ್ತಿಸಿ, ಹಿಂದಿನಿಂದ ನೂಕಿ ಬಿಡುವುದು. ತಿರುಗಿ ಬರುವಾಗ ಪೂನಮ್ ಕ್ಯಾರಿಯರ್ ಹಿಡಿದು ಓಡಬೇಕು, ಉದ್ದವ್ವ ಎರಡೂ ಕೈ ಚಾಚಿ ಎದುರಿಗೆ ನಿಂತು ಹ್ಯಾಂಡಲ್ ಹಿಡಿಯಬೇಕು. ಮೊದಲ ದಿನ ಮೂವರೂ ಸೇರಿ ಕಾಲುವೆಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಆಮೇಲಾಮೇಲೆ ಹಿಡಿಯುವ ಕೈಗೂ ಹದ ಸಿಕ್ಕಿತು. ಊರಿಗೆ ಸುದ್ದಿ ಬಿಡಲಿಲ್ಲ. ಅರಭಾವಿಯಂಥ ಊರಲ್ಲಿ ಅದೇ ಒಂದು ದೊಡ್ಡ ಸಾಹಸ.

ಶರ್ಯತ್ತಿನ ದಿನ ಸಾಲೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಡಲಗಿಯಿಂದ, ಹುಕ್ಕೇರಿಯಿಂದ, ಗೋಕಾಕದ ಆಚೆಯ ಹಳ್ಳಿಗಳಿಂದ ಹುಡುಗರು ಸೈಕಲ್ಲು ಹೊತ್ತ ಟೆಂಪೋಗಳಲ್ಲಿ ಬಂದಿದ್ದರು. ಹಲಗೆ ಬಡಿತ ಕಿವಿ ಕಿತ್ತುಹಾಕುತ್ತಿತ್ತು. ಸ್ಟೇಜಿನ ನಡುವೆ ಕೆಂಪು ಗಾದಿಯ ಕುರ್ಚಿ, ಅದರ ಮುಂದೆ ಡಬ್ಬಿ. ಪಾರ್ಕಿನ್ಸನ್ ಸಾಹೇಬರ ಫೋಟೊ ಎಲ್ಲಿ, ಹಾರ ತಂದಿದ್ದೇನೆ ಎಂದು ಹುಕ್ಕೇರಿ ಕಡೆಯ ಹಿರಿಯರೊಬ್ಬರು ಆಗಲೇ ಮೂರು ಸಲ ಕೇಳಿದ್ದರು. ಲಖನ ಮೈಕಿನಲ್ಲಿ ರೋಗದ ವಿಷಯ, ವ್ಯಾನಿನ ವಿಷಯ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದ. ಜನ ಕೇಳಿ ತಲೆಯಾಡಿಸಿ ಕಬ್ಬಿನ ಹಾಲಿನ ಗಾಡಿಯ ಕಡೆ ಹೋಗುತ್ತಿದ್ದರು. ಉದ್ದವ್ವ ಡಬ್ಬಿಯಲ್ಲಿ ಇಣುಕಿದಳು. ತಳ ಕಾಣುತ್ತಿತ್ತು.

"ಉದ್ದಪ್ಪ ಎಲ್ಲಿ? ಕುರ್ಚಿ ಖಾಲಿ ಐತಲ್ಲ!" ಎಂದು ಶಿದ್ಲಿಂಗಪ್ಪ ಅತ್ತಿತ್ತ ನೋಡಿದರು.

ಉದ್ದಪ್ಪ ಮೈದಾನದ ಗೆರೆಯ ಹತ್ತಿರ, ಪೂನಮ್ ತಂದಿಟ್ಟ ಮಣೆಯ ಮೇಲೆ ಒಂದು ಕಾಲೂರಿ, ಸೈಕಲ್ಲಿನ ಮೇಲೆ ಕೂತಿದ್ದ. ತಲೆಗೆ ಮಗಳ ಸ್ಕೂಟರಿನ ಗುಲಾಬಿ ಬಣ್ಣದ ಹೆಲ್ಮೆಟ್ಟು. ಕೈ ಹ್ಯಾಂಡಲ್ ಮೇಲೆ ನಡುಗುತ್ತಿತ್ತು, ಅದರ ಜೊತೆ ಗಂಟೆಯೂ ಸಣ್ಣಗೆ ನಡುಗುತ್ತಿತ್ತು. ಸಾವಕಾರರು ಓಡಿ ಬಂದರು. ಲಖನನೂ ಮೈಕು ಹಿಡಿದು ಹಿಂದೆಯೇ ಬಂದ.

"ಏ ಉದ್ದಪ್ಪಾ, ಹುಚ್ಚು ಹಿಡದೈತೇನ? ನಡಿಯಾಕ ಬರದಾಂವ ನೀ! ಬಿದ್ದಿ ಅಂದ್ರ ನಾ ಯಾರಿಗಿ ಮಾರಿ ತೋರಸ್ಲಿ? ಇಳಿ ಮೊದಲ!"

ಉದ್ದಪ್ಪ ಏನೋ ಹೇಳಿದ. ಕೇಳಲಿಲ್ಲ. ಲಖನ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದ. ಆ ಸಣ್ಣ ದನಿ ಮೈದಾನದ ನಾಲ್ಕೂ ಮೂಲೆಗೆ ಹೋಯಿತು.

"ಸಾವ್ಕಾರ್ರ, ಅವತ್ತ ಚೈನ್ ಬಿತ್ತು ಅಂತೀರಿ. ಇವತ್ತ ಗಟ್ಟಿ ಚೈನಿನ ಸೈಕಲ್ ತಗೊಂಡ ಬರ್‍ರಿ. ಮೈದಾನದ ಸುತ್ತ ಒಂದ ಸುತ್ತು. ಆಗೇಬಿಡ್ಲಿ."

ಹಲಗೆ ನಿಂತಿತು. ಕಬ್ಬಿನ ಹಾಲು ಕುಡಿಯುತ್ತಿದ್ದವರು ಗ್ಲಾಸು ಹಿಡಿದೇ ತಿರುಗಿದರು. ಆಮೇಲೆ ಇಡೀ ಮೈದಾನ ಒಮ್ಮೆಲೇ ಹೋ ಎಂದಿತು. ಸಾವಕಾರರ ಮುಖ ಕೆಂಪಾಯಿತು, ಬಿಳುಪಾಯಿತು, ಮತ್ತೆ ಕೆಂಪಾಯಿತು. ಇಷ್ಟು ವರ್ಷ ಚೈನಿನ ಕತೆ ಹೇಳಿ ಸಾಕಿದವರು ಇನ್ನು ಹಿಂದೆ ಸರಿಯುವುದೆಲ್ಲಿಗೆ? ರುಮಾಲು ತೆಗೆದು ಲಖನನ ಕೈಗೆ ಕೊಟ್ಟರು, ಧೋತರ ಮೇಲೆತ್ತಿ ಕಟ್ಟಿದರು, ಮೂಡಲಗಿಯ ಹುಡುಗನೊಬ್ಬನ ಸೈಕಲ್ಲು ಕಸಿದುಕೊಂಡರು. "ಚೈನ್ ನೋಡಲೇ ಮೊದಲ" ಎಂದರು. ಹುಡುಗರು ಬಿದ್ದು ಬಿದ್ದು ನಕ್ಕರು.

ಸೀಟಿ ಕೇಳಿಸಿತು. ಉದ್ದವ್ವ ನೂಕಿಬಿಟ್ಟಳು.

ಮೊದಲ ತಿರುವಿನ ತನಕ ಸಾವಕಾರರೇ ಮುಂದೆ. ಉದ್ದಪ್ಪನ ಮುಂದಿನ ಗಾಲಿ ಆಚೆಗೊಮ್ಮೆ ಈಚೆಗೊಮ್ಮೆ ಹೊಯ್ದಾಡಿತು, ಹೆಂಗಸರು ಅಯ್ಯೋ ಎಂದರು, ಉದ್ದವ್ವ ಕಣ್ಣು ಮುಚ್ಚಿದಳು. ತೆರೆದಾಗ ಗಾಲಿ ನೆಟ್ಟಗಾಗಿತ್ತು. ಉದ್ದಪ್ಪ ತುಳಿಯುತ್ತಿದ್ದ. ಆ ತುಳಿತ ಅವಳಿಗೆ ಗೊತ್ತಿದ್ದದ್ದೇ. ಮದುವೆಯಾದ ಹೊಸತರಲ್ಲಿ ಅವಳನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಗೋಕಾಕ ಫಾಲ್ಸಿಗೆ ಕರೆದೊಯ್ದವನ ತುಳಿತ ಅದು. ಸಾಲೆಯ ಕಟ್ಟಡದ ಹತ್ತಿರ ಎರಡೂ ಸೈಕಲ್ಲು ಸಮಸಮ ಬಂದವು. ಸಾವಕಾರರ ಹೊಟ್ಟೆ ಏದುತ್ತಿತ್ತು. ಉದ್ದಪ್ಪ ಅವರ ಕಡೆ ತಿರುಗಿಯೂ ನೋಡದೆ ಟ್ರಿಣ್ ಎಂದು ಗಂಟೆ ಬಾರಿಸಿ ಮುಂದೆ ಹೋದ.

ಲಖನ ಹುಚ್ಚನಾಗಿಹೋಗಿದ್ದ. "ಉದ್ದಪ್ಪಣ್ಣ ಮುಂದ! ಅಲೆಲೆಲೆಲೆ! ಇನ್ನೂ ಮುಂದ!" ಆಗ ಗುಂಪಿನಿಂದ ಮೊದಲ ಕೂಗು ಬಂತು. ಅದು ಹಿಟ್ಟಿನ ಗಿರಣಿಯ ರಾಯವ್ವನದು. "ನನ್ನ ಕಡಿಂದ ಉದ್ದಪ್ಪಣ್ಣಗ ಐದನೂರ ಇನಾಮು!"

ಶರ್ಯತ್ತಿನಲ್ಲಿ ಒಬ್ಬರು ಇನಾಮು ಕೂಗಿದರೆ ಇನ್ನೊಬ್ಬರ ಬಾಯಿ ಸುಮ್ಮನಿರುವುದಿಲ್ಲ. ಚಂದಾ ಎಂದರೆ ಬಾಗಿಲು ಮುಚ್ಚುವ ಅದೇ ಜನ, ಗೆಲ್ಲುವವನನ್ನು ಕಂಡರೆ ಬಾಜೂ ಮನೆಯವನಿಗಿಂತ ಒಂದು ನೋಟು ಹೆಚ್ಚೇ ಕೂಗಬೇಕು. ಮೂಡಲಗಿಯವರು ಕೂಗಿದರು. ಹುಕ್ಕೇರಿಯವರು ಬಿಡುತ್ತಾರೆಯೇ? ಗೋಕಾಕದ ಕರದಂಟಿನ ಅಂಗಡಿಯವರು ಕೂಗಿದರು. ಫೋಟೊಗೆ ಹಾರ ತಂದಿದ್ದ ಹಿರಿಯರು ಹಾರವನ್ನೇ ಎತ್ತಿ ಹಿಡಿದು ಕೂಗಿದರು. ಲಖನನಿಗೆ ಹೆಸರು ಹೇಳಿ ಮುಗಿಸಲಾಗಲಿಲ್ಲ. ಪೂನಮ್ ಡಬ್ಬಿ ಸಾಲದೆ, ತನ್ನ ಓಢಣಿ ಬಿಚ್ಚಿ ಹಿಡಿದಳು.

ಉದ್ದಪ್ಪ ಗೆರೆ ದಾಟಿದಾಗ ಗುಲಾಲು ಮೋಡದಂತೆ ಎದ್ದಿತು. ಸಾವಕಾರರು ಬಹಳ ಹಿಂದೆ ಬಂದು, ಇಳಿದು, ಯಾರ ಹೆಗಲೋ ಹಿಡಿದು ಸ್ಟೇಜು ಹತ್ತಿ, ಎದುರಿಗೆ ಕಂಡ ಕೆಂಪು ಗಾದಿಯ ಕುರ್ಚಿಯಲ್ಲಿ ದೊಪ್ಪನೆ ಕೂತುಬಿಟ್ಟರು. ಅವರ ಕೈ ಕಾಲು ಎರಡೂ ನಡುಗುತ್ತಿದ್ದವು.

"ಚೈನ್ ಬಿತ್ತೇನ್ರಿ ಸಾವ್ಕಾರ್ರ?" ಎಂದ ಲಖನ ಮೈಕಿನಲ್ಲಿ.

ಶಿದ್ಲಿಂಗಪ್ಪ ಉಸಿರು ಹಿಡಿದು ಮೈಕು ಕಸಿದುಕೊಂಡರು. "ಚೈನ್ ಬೀಳಲಿಲ್ಲ" ಎಂದರು. "ಅವತ್ತೂ ಬಿದ್ದಿರಲಿಲ್ಲ. ಎಷ್ಟ ಇನಾಮ ಕೂಡೈತೋ ಅಷ್ಟ ನಂದೂ ಬರಕೊಳ್ರಿ. ಆ ಪಾರ್ಕಿನ್ಸನ್ನ ಖರೇನ ಕೈಲಾಸಕ್ಕ ಕಳಸೂಣು."

ಮೈದಾನ ಮತ್ತೆ ಹೋ ಎಂದಿತು. ಪೂನಮ್ ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಬೆಳಗಾವಿಯ ಡಾಕ್ಟರರಿಗೆ ಕೂಗುತ್ತಿದ್ದಳು. "ಸರ್, ಮುಂದಿನ ತಿಂಗಳೂ ಬರ್‍ರಿ! ವರ್ಷಾನಗಟ್ಟಲೆ ಬರ್‍ರಿ! ಕೂಡೇತ್ರಿ ಸರ್!"

ಉದ್ದವ್ವ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಗೆರೆಯ ಈಚೆ ಎರಡೂ ಕೈ ಚಾಚಿ ನಿಂತಿದ್ದಳು. ಗೆರೆ ದಾಟಿಯೂ ನಿಲ್ಲದೆ ಇನ್ನೊಂದು ಸುತ್ತು ಹೊಡೆದ ಉದ್ದಪ್ಪ ಅವಳ ಎದುರಿಗೇ ಬಂದ. ಗುಲಾಬಿ ಹೆಲ್ಮೆಟ್ಟು, ಗುಲಾಲು ಮೆತ್ತಿದ ಮೀಸೆ, ಅಲುಗಾಡದ ಮುಖ.

"ನಿಂದರ್‍ರಿ! ನಾ ಹಿಡೀತೀನಿ, ಬರ್‍ರಿ!"

"ನಿಂದ್ರಾಂಗಿಲ್ಲ!"

ಹ್ಯಾಂಡಲ್ ಅವಳ ಬೆರಳಿಗೆ ತಾಗಿ ತಪ್ಪಿಸಿಕೊಂಡಿತು. ನಿಲ್ಲಿಸಲು ಬರುವುದಿಲ್ಲ ಎಂದು ನಿಲ್ಲಲಿಲ್ಲವೋ, ಒಲ್ಲೆ ಎಂದು ನಿಲ್ಲಲಿಲ್ಲವೋ, ಅಷ್ಟು ಹತ್ತಿರದಿಂದ ಕಣ್ಣಿನ ಮೂಲೆ ನೋಡಿದ ಅವಳಿಗೆ ಮಾತ್ರ ಗೊತ್ತಾಯಿತು. ಶರ್ಯತ್ತಿನ ಹುಡುಗರೆಲ್ಲ ತಮ್ಮ ತಮ್ಮ ಸೈಕಲ್ಲು ಹತ್ತಿ ಅವನ ಹಿಂದೆ ಹೊರಟರು. ಧೂಳಿನ ನಡುವೆ ಗುಲಾಬಿ ಹೆಲ್ಮೆಟ್ಟು ಎಲ್ಲರಿಗಿಂತ ಮುಂದೆ ತಿರುವಿನಲ್ಲಿ ಬಾಗಿತು. ಉದ್ದವ್ವ ಚಾಚಿದ ಕೈ ಇಳಿಸದೆ ಅಲ್ಲೇ ನಿಂತಿದ್ದಳು. ಮೈದಾನದ ಆ ತುದಿಯಿಂದ ಟ್ರಿಣ್ ಎಂದು ಗಂಟೆ ಕೇಳಿಸಿತು.